ಆರತಿಗೆ ಆಫ್ ಮಾಡಿದ ಟರ್ಬೊ

ಶಿರಾ ಗೇಟ್ ಹತ್ತಿರ ಗ್ಯಾರೇಜ್ ಇಟ್ಟಿರುವ ಸಂಗಮೇಶನಿಗೆ ಪೆಟ್ರೋಲ್ ಟರ್ಬೊ ಎಂದರೆ ಪಂಚಪ್ರಾಣ. ಅದರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಊಟ ಸೇರುತ್ತಿರಲಿಲ್ಲ. ತಂಗಿ ಸಿಂಚನಾ ಡೀಸೆಲ್ ಕಡೆ. ದಿನದ ಓಡಾಟಕ್ಕಾಗಲಿ ರೇಸಿಗಾಗಲಿ ಅದೇ ಸರಿ, ತಿರುವಿನಿಂದ ಏಳುವಾಗಲೇ ಎಳೆಯುತ್ತದೆ ಎಂಬುದು ಅವಳ ವಾದ. ಪೆಟ್ರೋಲಿನಲ್ಲಿ ಎಂಜಿನ್ನಿಗೆ ಗಾಳಿ ನೂಕುವ ಟರ್ಬೊ ಜೋರು ಹಿಡಿಯುವ ತನಕ ಕಾಯಬೇಕು. ಹಿಡಿದ ಮೇಲೆ ಮಾತ್ರ ಅದನ್ನು ತಡೆಯುವವರಿಲ್ಲ ಎಂಬುದು ಅಣ್ಣನ ವಾದ. ಈ ಜಗಳ ಕೇಳಿ ಕೇಳಿ ಗಿರಾಕಿಗಳಿಗೂ ಸಾಕಾಗಿತ್ತು.

ಗುಬ್ಬಿ ಹತ್ತಿರದ ಮಣ್ಣಿನ ಟ್ರ್ಯಾಕಿನಲ್ಲಿ ಸಿಂಚನಾಳ ಮೊದಲ ರೇಸ್. ಅಣ್ಣ ಪೆಟ್ರೋಲಿನದು, ಡೀಸೆಲಿನದು ಎರಡೂ ಕಾರುಗಳನ್ನು ಸಜ್ಜು ಮಾಡಿದ್ದ. ರೇಸಿನ ದಿನ ಬೆಳಿಗ್ಗೆ ಕುಣಿಗಲ್ ಕಡೆಯ ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿದಾಗ ಪೆಟ್ರೋಲೇ ಮುಂದೆ ಬಂತು. ಸಿಂಚನಾ ಒಪ್ಪಿಕೊಂಡಳು. ಗೆದ್ದ ಹುರುಪಿನಲ್ಲಿ ಸಂಗಮೇಶ ಪೆಟ್ರೋಲ್ ಕಾರನ್ನು ಶೆಟ್ಟಿಹಳ್ಳಿಯ ಮನೆ ಬಾಗಿಲ ತನಕ ಜೋರಾಗಿಯೇ ಓಡಿಸಿಕೊಂಡು ಬಂದ. ಅವ್ವ ಸರ್ವಮಂಗಳಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು.

“ಆಫ್ ಮಾಡಪ್ಪ. ಗುರುಗುಟ್ಟೋ ಗಾಡಿಗೆ ನಾನು ಆರತಿ ಎತ್ತಲ್ಲ.”

ಅವನು ಕೀಲಿ ತಿರುಗಿಸಿದ. ಆಫ್ ಮಾಡುವ ಮುಂಚೆ ಕಾದ ಟರ್ಬೊವನ್ನು ಸ್ವಲ್ಪ ಹೊತ್ತು ನಿಧಾನಕ್ಕೆ ಓಡಲು ಬಿಡಬೇಕು, ಇಲ್ಲದಿದ್ದರೆ ಒಳಗೆ ಆಯಿಲ್ ಸೀದು ಬೇರಿಂಗ್ ಹಾಳಾಗುತ್ತದೆ ಎಂದು ಗಿರಾಕಿಗಳಿಗೆ ಬೈದು ಹೇಳುವವನೇ ಅವನು. ಆದರೆ ರೇಸಿಗಾಗಿ ಕಾರು ಓಡಿಸಿ ನೋಡುವ ಟ್ರಯಲ್ ಶುರುವಾದಾಗಿನಿಂದ ಮನೆಗೆ ಬಂದಾಗಲೆಲ್ಲ ಅವ್ವ ದೃಷ್ಟಿ ತೆಗೆಯುತ್ತಿದ್ದರು, ಅವನು ಹೀಗೇ ಆಫ್ ಮಾಡುತ್ತಿದ್ದ. ಈಗ ಮತ್ತೆ ಸ್ಟಾರ್ಟ್ ಮಾಡಿದರೆ ಒಳಗಿಂದ ಸಣ್ಣಗೆ ಕೀರಲು ಶಬ್ದ. ಬಾನೆಟ್ ಎತ್ತಿ ನೋಡಿದ. ಶಬ್ದ ಟರ್ಬೊದ್ದೇ. ಹಾಗೇ ಮುಚ್ಚಿಬಿಟ್ಟ. ಈಗ ತಂಗಿಗೆ ಡೀಸೆಲ್ ತಗೋ ಎಂದರೆ ಇಷ್ಟು ವರ್ಷ ಕೊಚ್ಚಿಕೊಂಡಿದ್ದೆಲ್ಲ ಏನಾಗಬೇಕು?

ಸಿಂಚನಾ ಪೆಟ್ರೋಲ್ ಕಾರಿನಲ್ಲಿ ಹೊರಟಳು. ಟೈರು, ಸಾಮಾನು ಹೇರಿಕೊಂಡು ಡೀಸೆಲ್ ಕಾರಿನಲ್ಲಿ ಅವನು ಹಿಂದೆ. ಗುಬ್ಬಿ ಬರುವಷ್ಟರಲ್ಲಿ ಮುಂದಿನ ಕಾರಿನ ಹೊಗೆ ನೀಲಿಗೆ ತಿರುಗಿತ್ತು. ಆಯಿಲ್ ಸುಡುತ್ತಿದೆ. ಓಟದ ಮಧ್ಯೆ ಬೆಂಕಿ ಹತ್ತಿದರೆ ಒಳಗಿರುವವಳು ತಂಗಿ.

ಟ್ರ್ಯಾಕಿನಲ್ಲಿ ರೇಸಿನ ನಂಬರ್ ಅಂಟಿಸಿದ ಮೇಲೆ ಕಾರು ಬದಲಾಯಿಸುವ ಹಾಗಿಲ್ಲ. ತಪಾಸಣೆಯವರು ಸ್ಟಿಕರ್ ಬಿಡಿಸಿ ಬಗ್ಗಿದರು. ಸಂಗಮೇಶ ಬಾಗಿಲಿಗೆ ಕೈ ಅಡ್ಡ ಇಟ್ಟ.

“ಬ್ಯಾಡ ಸಾರ್. ಆ ಡೀಸೆಲ್‌ಗೆ ಅಂಟ್ಸಿ. ಇದ್ರ ಟರ್ಬೊ ಹೋಗೈತೆ. ನಾನೇ ಹಾಳ್ಮಾಡಿದ್ದು.”

ಹೆಲ್ಮೆಟ್ ತೆಗೆದು ಸಿಂಚನಾ ಕೆಳಗಿಳಿದಳು.

“ನಿಂಗೆ ಶಬ್ದ ಕೇಳ್ಲಿಲ್ವೇನೇ?” ಎಂದು ಅವಳ ಮೇಲೇ ರೇಗಿದ.

“ಕೇಳ್ತು ಕಣಣ್ಣ. ನೀನು ಬಾನೆಟ್ ಎತ್ತಿ ನೋಡಿ ಮುಚ್ದಲ್ಲ, ಸರಿಯಾಗೈತೆ ಅಂದ್ಕಂಡೆ.”

ಅವಳು ಡೀಸೆಲ್ ಕಾರಿನ ಕೀಲಿಗೆ ಕೈ ಚಾಚಿದಳು. ಕೊಡುವಾಗ ಸಂಗಮೇಶನಿಗೆ ಅವಳ ಮುಖ ನೋಡಲಾಗಲಿಲ್ಲ.