ಡಬ್ಬಿ ಅಕ್ಕನ ಕೈಲೆಕ್ಕ

ಸಾಬೂನಿನ ಪೆಟ್ಟಿಗೆ ತೆರೆಯುವವರು ಸಾಬೂನನ್ನು ಇಟ್ಟುಕೊಂಡು ಪೆಟ್ಟಿಗೆಯನ್ನು ಬಿಸಾಡುತ್ತಾರೆ. ಅದರ ಮುಚ್ಚಳದ ತುದಿಯಲ್ಲಿ ಒಂದು ನಾಲಿಗೆ ಇರುತ್ತದಲ್ಲ, ಅದು ಒಳಗೆ ತೂರಿ ಕೂತರೆ ಪೆಟ್ಟಿಗೆ ಮುಚ್ಚಿತು. ಕೂರದಿದ್ದರೆ ಅಂಗಡಿಯ ಕಪಾಟಿನಲ್ಲಿ ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಆ ನಾಲಿಗೆಯನ್ನೂ ಒಬ್ಬರು ಕೂತು ಬಿಡಿಸಿರುತ್ತಾರೆ ಎಂದು ಯಾರು ನೆನೆಯುತ್ತಾರೆ, ಹೇಳಿ? ಇಪ್ಪತ್ತೆರಡು ವರ್ಷ ಅದನ್ನೇ ಬಿಡಿಸಿದವಳ ಕಥೆ ಇದು. ರಟ್ಟಿನ ಪೆಟ್ಟಿಗೆ ಮಾಡುವ ಪ್ರೆಸ್ಸಿನಲ್ಲಿ ಅವಳನ್ನು ಎಲ್ಲರೂ ಡಬ್ಬಿ ಅಕ್ಕ ಅನ್ನುತ್ತಿದ್ದರು.

ಪ್ರೆಸ್ಸಿನ ಮಹಡಿಯ ಮೇಲೆ, ಕಿಟಕಿಯ ಪಕ್ಕ ಅವಳ ಮೇಜು. ಕೆಳಗೆ ಯಂತ್ರಗಳು ಧಡಧಡ ಅನ್ನುತ್ತಿದ್ದರೆ ಮೇಲೆ ಅವಳ ನೀರಿನ ಲೋಟದಲ್ಲಿ ಅಲೆ ಏಳುತ್ತಿತ್ತು. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಸಾಫ್ಟ್‌ವೇರ್ ತೆರೆದು, ಎಷ್ಟು ದೊಡ್ಡದು ಮಾಡಿದರೂ ಮಸುಕಾಗದ ವೆಕ್ಟರ್ ಗೆರೆಗಳಲ್ಲಿ ಅವಳು ಪೆಟ್ಟಿಗೆಯನ್ನು ಬಿಚ್ಚಿ ಹರಡಿದಂತೆ ಬಿಡಿಸಬೇಕು. ಕತ್ತರಿಸುವ ಕಡೆ ಕೆಂಪು, ಮಡಚುವ ಕಡೆ ನೀಲಿ. ವಾರಕ್ಕೆ ನಲವತ್ತು ಪೆಟ್ಟಿಗೆ. ಗೆರೆ ಎಳೆ, ಮೌಸ್ ಒತ್ತು, ಜರುಗಿಸು, ಬಿಡು. ಎಳೆದೂ ಎಳೆದೂ ಐವತ್ತನೆಯ ವರ್ಷಕ್ಕೆ ಅವಳ ಬಲಗೈಯ ಮಣಿಕಟ್ಟು ಮುಷ್ಕರ ಹೂಡಿತು. ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷು ಕೈಯಿಂದ ಜಾರಿ ಬೀಳತೊಡಗಿತು.

ಡಾಕ್ಟರು ಕೈಗೆ ಪಟ್ಟಿ ಬಿಗಿದು ಹೇಳಿದರು: "ಆರು ವಾರ ಮೌಸ್ ಮುಟ್ಟಬಾರದು. ಆಮೇಲೂ ದಿನವಿಡೀ ಎಳೆಯೋ ಕೆಲಸ ಬೇಡ. ಮಾಡ್ತೀನಿ ಅಂದ್ರೆ ಮುಂದಿನ ಸಲ ಕತ್ತಿ ಹಿಡ್ಕೊಂಡೇ ಮಾತಾಡ್ತೀನಿ."

ಪ್ರೆಸ್ಸಿನ ಯಜಮಾನರು ಕೆಟ್ಟವರಲ್ಲ. ತಲೆ ಕೆರೆದುಕೊಂಡರು. "ಅಕ್ಕ, ಆರು ವಾರ ಹೇಗೋ ಹೊರಗಡೆ ಕೊಟ್ಟು ಮಾಡಿಸ್ತೀನಿ. ಏಳನೇ ವಾರ ಆ ಕುರ್ಚಿಯಲ್ಲಿ ನಲವತ್ತು ಪೆಟ್ಟಿಗೆ ಬಿಡಿಸೋರು ಕೂತಿರಬೇಕು. ಅದು ನೀವೇ ಆಗಿದ್ರೆ ನನಗೆ ಸಂತೋಷ."

ಅವಳು ಕಚೇರಿಯ ಹಳೆಯ ಲ್ಯಾಪ್‌ಟಾಪು ಎಡಗೈಯಲ್ಲಿ ಹಿಡಿದು ಮನೆಗೆ ಬಂದಳು.

ಮನೆಯಲ್ಲಿ ಎರಡು ಕೋಣೆ. ಹಗಲು ಗಂಡ ಲಿಫ್ಟ್ ರಿಪೇರಿಗೆ ಹೋದ ಮೇಲೆ ಉಳಿಯುವವರು ಇಬ್ಬರು, ಅವಳು ಮತ್ತು ಅತ್ತೆ. ಅತ್ತೆಗೆ ಎಪ್ಪತ್ತನಾಲ್ಕು. ಎರಡೂ ಕಣ್ಣಿಗೆ ಪೊರೆ ಬಂದು ಲೋಕವೆಲ್ಲ ಮಂಜು ಮಂಜು. ಆದರೆ ಕಿವಿ ಮಾತ್ರ, ಪಕ್ಕದ ಮನೆಯಲ್ಲಿ ಬೆಕ್ಕು ನಿಟ್ಟುಸಿರು ಬಿಟ್ಟರೂ ಕೇಳಿಸಿಕೊಳ್ಳುವಂಥದ್ದು. ಅರವತ್ತು ವರ್ಷ ಸ್ವೆಟರ್ ಹೆಣೆದ ಆಕೆ ಈಗಲೂ ಹೆಣೆಯುತ್ತಿದ್ದಳು. ಮನಸ್ಸಿನಲ್ಲೇ ಎಣಿಸುತ್ತ, ಬೆರಳಲ್ಲೇ ನೋಡುತ್ತ.

ಆ ಸಾಫ್ಟ್‌ವೇರಿಗೆ ಬರೆದು ಅಪ್ಪಣೆ ಕೊಟ್ಟರೆ ತಾನೇ ಗೆರೆ ಎಳೆಯುತ್ತದೆ ಎಂಬುದನ್ನು ಡಬ್ಬಿ ಅಕ್ಕ ಎಲ್ಲೋ ಕೇಳಿದ್ದಳು. ಅದನ್ನು ಸ್ಕ್ರಿಪ್ಟ್ ಅನ್ನುತ್ತಾರೆ. ಮೌಸ್ ಮುಟ್ಟಬಾರದು ತಾನೇ? ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದರಾಯಿತು. ಉದ್ದ, ಅಗಲ, ಎತ್ತರ ಮೂರು ಅಂಕಿ ಕೊಟ್ಟರೆ ಪೆಟ್ಟಿಗೆ ತಾನೇ ಬಿಡಿಸಿಕೊಳ್ಳಬೇಕು. ಅವಳಿಗೆ ಬೇಕಾದದ್ದು ಇಷ್ಟೇ.

ಇಷ್ಟೇ ಅನ್ನುವುದು ಸುಲಭ. ಮೊದಲ ವಾರ ಪಾಠದ ವಿಡಿಯೋ ನೋಡಿದ್ದೇ ಬಂತು. ಎರಡನೆಯ ವಾರ ಸ್ಕ್ರಿಪ್ಟು ಪೆಟ್ಟಿಗೆಯನ್ನೇನೋ ಬಿಡಿಸಿತು, ಆದರೆ ಹೆಬ್ಬೆರಳಿನಷ್ಟು. ಅವಳು ಹೇಳಿದ್ದು ಮಿಲಿಮೀಟರು, ಅದು ಎಣಿಸುವುದು ಪಾಯಿಂಟು ಎಂಬ ತನ್ನದೇ ಅಳತೆಯಲ್ಲಿ. ಒಂದು ಮಿಲಿಮೀಟರಿಗೆ ಹತ್ತಿರ ಹತ್ತಿರ ಮೂರು ಪಾಯಿಂಟು.

"ಏನಾಯ್ತೇ, ನಗ್ತಾ ಇದೀಯಾ ಅಳ್ತಾ ಇದೀಯಾ?" ಎಂದಳು ಅತ್ತೆ.

"ಇರುವೆಗೆ ಶೂ ಪೆಟ್ಟಿಗೆ ಮಾಡಿದೀನಿ ಅತ್ತೆ."

"ಮಾಡು ಮಾಡು. ಅದಕ್ಕೆ ಆರು ಕಾಲು. ಮೂರು ಜೊತೆ ವ್ಯಾಪಾರ ಆಗುತ್ತೆ."

ಅಳತೆ ಸರಿಮಾಡಿದಳು. ಪೆಟ್ಟಿಗೆ ತಲೆಕೆಳಗಾಗಿ ಬಂತು. ಅದನ್ನೂ ಎತ್ತಿ ನಿಲ್ಲಿಸಿದಳು. ನಾಲ್ಕನೆಯ ವಾರಕ್ಕೆ, ಅಬ್ಬಾ, ಮೂರು ಅಂಕಿ ಕೊಟ್ಟು ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಂಪು ನೀಲಿ ಗೆರೆಗಳು ಹಾಸಿಕೊಂಡವು.

ಆಗ ಅವಳು ಒಂದು ಕೆಲಸ ಮಾಡಿದಳು. ತನ್ನ ಹಳೆಯ ಚಿತ್ರಗಳನ್ನು ತೆರೆದು ಸ್ಕ್ರಿಪ್ಟಿನ ಚಿತ್ರದ ಮೇಲಿಟ್ಟು ಹೋಲಿಸಿದಳು. ಎಲ್ಲ ಗೆರೆಯೂ ಕೂಡಿತು, ನಾಲಿಗೆ ಒಂದು ಬಿಟ್ಟು. ಒಂದು ಚಿತ್ರದಲ್ಲಿ ಅರ್ಧ ಮಿಲಿಮೀಟರು ಕಡಿಮೆ, ಇನ್ನೊಂದರಲ್ಲಿ ಮುಕ್ಕಾಲು, ಮತ್ತೊಂದರಲ್ಲಿ ಒಂದೂವರೆ. ಇಪ್ಪತ್ತೆರಡು ವರ್ಷ ಇಷ್ಟು ಸೊಟ್ಟ ಬಿಡಿಸಿದೆನೇ? ಸದ್ಯ, ಯಂತ್ರಕ್ಕೆ ಕೈ ನಡುಗುವುದಿಲ್ಲ ಎಂದುಕೊಂಡು, ಅಳತೆಗೆ ಕೂದಲೆಳೆಯೂ ತಪ್ಪದ ಆ ಹೊಸ ಪೆಟ್ಟಿಗೆಯನ್ನೇ ಪ್ರೆಸ್ಸಿಗೆ ಕಳಿಸಿದಳು.

ಮರುದಿನ ಯಜಮಾನರ ಫೋನು ಬಂತು.

"ಅಕ್ಕ, ಮಾದರಿ ಕತ್ತರಿಸಿ ಮಡಚಿ ನೋಡಿದ್ವಿ. ಮುಚ್ಚೋದೇ ಇಲ್ಲ. ನಾಲಿಗೆ ಒಳಗೆ ಹೋಗದೆ ಹೊಟ್ಟೆ ಉಬ್ಬಿಸ್ಕೊಂಡು ನಿಲ್ಲುತ್ತೆ. ಮೂರು ಪೆಟ್ಟಿಗೆ ಮಾಡಿದ್ರೂ ಅದೇ ಕಥೆ." ಆಮೇಲೆ ಮೆಲ್ಲಗೆ ಅಂದರು: "ನಿಮ್ಮ ಕೈಯಲ್ಲಿ ಬಿಡಿಸಿದ್ದು ಒಂದೂ ಹೀಗಾಗಿರಲಿಲ್ಲ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಲ್ಯಾಪ್‌ಟಾಪ್ ಮುಚ್ಚಿ ಅವಳು ಎರಡು ದಿನ ಅದರ ಹತ್ತಿರ ಸುಳಿಯಲಿಲ್ಲ. ಸೊಟ್ಟ ಬಿಡಿಸಿದ್ದು ಮುಚ್ಚುತ್ತದೆ, ನೆಟ್ಟಗೆ ಬಿಡಿಸಿದ್ದು ಮುಚ್ಚುವುದಿಲ್ಲ. ಇದ್ಯಾವ ನ್ಯಾಯ?

ಭಾನುವಾರ ಬೆಳಿಗ್ಗೆ ಗಂಡ ಬಟ್ಟೆ ಒಗೆಯುತ್ತಿದ್ದ. ಅವಳ ಕೈ ಹಿಂಡಲಾರದೆ ಹೋದ ದಿನದಿಂದ ಆ ಕೆಲಸ ಅವನದು. ಕೋಣೆಯಲ್ಲಿ ಅತ್ತೆ ಗುಂಡಿ ಡಬ್ಬಿ ಮಡಿಲಲ್ಲಿಟ್ಟುಕೊಂಡು, ಹೊಸ ಸ್ವೆಟರಿಗೆ ಸರಿಹೊಂದುವ ಗುಂಡಿಗಳನ್ನು ತಡವಿ ಹುಡುಕುತ್ತಿದ್ದಳು. ಡಬ್ಬಿ ಅಕ್ಕ ಮಣಿಕಟ್ಟಿನ ಪಟ್ಟಿ ಬಿಚ್ಚಿದಳು.

"ಬಿಚ್ಚಿದೆಯಲ್ಲ! ಡಾಕ್ಟರು ಏನಂದ್ರು?"

"ಒಂದೇ ಒಂದು ಪೆಟ್ಟಿಗೆ ಅತ್ತೆ. ಕೈಯಲ್ಲಿ ಬಿಡಿಸಿ ನೋಡ್ತೀನಿ. ನಿಮ್ಮ ಮಗನಿಗೆ ಹೇಳ್ಬೇಡಿ."

"ಹೇಳಲ್ಲ. ಆದ್ರೆ ನೋವಾದ್ರೆ ನನ್ನ ಹತ್ರ ಅಳಬೇಡ."

ಹಲ್ಲು ಕಚ್ಚಿಕೊಂಡು ಸಾಬೂನಿನ ಪೆಟ್ಟಿಗೆ ಬಿಡಿಸಿದಳು. ಕಾಲು ಗಂಟೆ ಆಯಿತು. "ಆಯ್ತು" ಎಂದು ಕೈ ತೆಗೆದಳು.

ಅತ್ತೆ ತಲೆ ಎತ್ತಿದಳು. "ಅದೇನೇ, ಕೊನೆಗೆ ಗಂಟು ಹಾಕಿದ ಹಾಗೆ ಎರಡು ಸಲ ಟಕ್ ಟಕ್ ಅನ್ನಿಸಿದ್ದು?"

"ನಾನೇನೂ ಒತ್ತಲಿಲ್ಲ."

"ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡೀತಂತೆ. ನನಗೆ ಕಣ್ಣಿಲ್ಲ, ಕಿವಿ ಇದೆ. ಮೌಸಿನ ಸದ್ದು ಬೇರೆ, ಇದು ನೀನು ಅಕ್ಷರ ಒತ್ತೋ ಹಲಗೆಯ ಸದ್ದು. ಎರಡು ಸಲ."

ಡಬ್ಬಿ ಅಕ್ಕ ಪರದೆ ನೋಡಿದಳು. ನಾಲಿಗೆ ಅರ್ಧ ಮಿಲಿಮೀಟರು ಒಳಗೆ ಸರಿದಿತ್ತು. ಕೀಬೋರ್ಡಿನ ಬಾಣದ ಗುರುತಿನ ಕೀ ಒಮ್ಮೆ ಒತ್ತಿದರೆ ಗೆರೆ ಸರಿಯುವುದು ಕಾಲು ಮಿಲಿಮೀಟರು. ಎರಡು ಸಲಕ್ಕೆ ಅರ್ಧ. ಒತ್ತಿದ್ದು ಅವಳದೇ ಬೆರಳು, ಅವಳಿಗೆ ಗೊತ್ತಾಗದ ಹಾಗೆ!

"ಅತ್ತೆ, ಇನ್ನೆರಡು ಬಿಡಿಸ್ತೀನಿ. ಆ ಸದ್ದು ಬಂದಾಗೆಲ್ಲ ಒಂದು ಗುಂಡಿ ಈ ತಟ್ಟೆಗೆ ಹಾಕಿ."

"ಒಂದೇ ಅಂದವಳು ಮೂರಕ್ಕೆ ಬಂದೆ. ಹೂಂ, ನಡೆ."

ಔಷಧಿಯ ಪೆಟ್ಟಿಗೆ ಸ್ವಲ್ಪ ದಪ್ಪ ರಟ್ಟಿನದು. ತಟ್ಟೆಗೆ ಮೂರು ಗುಂಡಿ ಬಿದ್ದವು. ಬಲ್ಬಿನ ಪೆಟ್ಟಿಗೆ, ಒಳಗೆ ಅಲೆ ಅಲೆಯಾಗಿರುವ ದಪ್ಪ ರಟ್ಟು. ಅತ್ತೆ ಟಣ್ ಟಣ್ ಎಂದು ಹಾಕುತ್ತಲೇ ಹೋದಳು. ಆರು.

ಎರಡು, ಮೂರು, ಆರು. ಅವಳು ಗುಂಡಿಗಳನ್ನೇ ನೋಡುತ್ತ ಕೂತಳು. ಅದು ಕೈನಡುಕವಲ್ಲ, ಲೆಕ್ಕ. ರಟ್ಟು ದಪ್ಪವಾದಷ್ಟೂ ಬೆರಳು ಹೆಚ್ಚು ಒತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮರದ ಹಲಗೆಗೆ ಉಕ್ಕಿನ ಪಟ್ಟಿ ಬಗ್ಗಿಸಿ ಕೂರಿಸಿ ರಟ್ಟು ಕತ್ತರಿಸುವ ಅಚ್ಚು ಮಾಡುತ್ತಿದ್ದ ಮುದುಕ ಮೇಸ್ತ್ರಿ ಹೇಳಿದ್ದು ಈಗ ನೆನಪಾಯಿತು. "ನೋಡಮ್ಮ, ಒಳಗೆ ಹೋಗೋ ನಾಲಿಗೆ ಸ್ವಲ್ಪ ನಾಚಬೇಕು. ರಟ್ಟು ತಾನೂ ಒಂದಿಷ್ಟು ಜಾಗ ತಿನ್ನುತ್ತೆ." ಮೇಸ್ತ್ರಿ ತೀರಿಕೊಂಡು ಹದಿನೈದು ವರ್ಷ. ಆ ಮಾತು ಅವಳ ತಲೆಯಿಂದ ಎಂದೋ ಜಾರಿತ್ತು. ಬೆರಳು ಮಾತ್ರ ಬಿಟ್ಟಿರಲಿಲ್ಲ. ಅಂಥ ಬೆರಳನ್ನು ತಾನು ಸೊಟ್ಟ ಅಂದೆನಲ್ಲ ಎಂದು ಅವಳು ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಸವರಿದಳು. ಅದು ಊದಿಕೊಂಡು ಬಿಸಿಯಾಗಿತ್ತು.

"ಅಳಬೇಡ ಅಂದಿದ್ದೆ," ಎಂದಳು ಅತ್ತೆ.

"ನೋವಿಗಲ್ಲ ಅತ್ತೆ."

"ಗೊತ್ತು. ಪಟ್ಟಿ ಕಟ್ಟಿಕೋ, ಅವನು ಬಟ್ಟೆ ಹರವಿ ಬರ್ತಾ ಇದಾನೆ."

ಐದನೆಯ ವಾರವೆಲ್ಲ ಎಡಗೈಯಲ್ಲಿ ಬರೆದಳು. ಸ್ಕ್ರಿಪ್ಟು ಈಗ ಮೂರಲ್ಲ, ನಾಲ್ಕು ಪ್ರಶ್ನೆ ಕೇಳುತ್ತದೆ. ನಾಲ್ಕನೆಯದು: ರಟ್ಟಿನ ದಪ್ಪ ಎಷ್ಟು? ಅದಕ್ಕೆ ತಕ್ಕಂತೆ ನಾಲಿಗೆಯನ್ನು ಹಿಂದೆ ಸರಿಸುತ್ತದೆ.

ಏಳನೆಯ ವಾರದ ಸೋಮವಾರ, ಮಹಡಿಯ ಮೇಜಿನ ಮುಂದೆ ಯಜಮಾನರು ಕೈಕಟ್ಟಿ ನಿಂತರು. ಅವಳು ಸ್ಕ್ರಿಪ್ಟನ್ನು ಸಾಫ್ಟ್‌ವೇರಿನ ಮೆನುವಿಗೇ ಸೇರಿಸಿದ್ದಳು. ಅಲ್ಲಿ ಹೊಸ ಸಾಲೊಂದು ಕಂಡಿತು. ಯಜಮಾನರು ಬಗ್ಗಿ ಓದಿದರು.

"ಇದೇನಕ್ಕ, 'ಅತ್ತೆ' ಅಂತ ಬರೆದಿದೀರ?"

"ತಪ್ಪು ಹಿಡಿಯೋದು ಅವರೇ ಅಲ್ವಾ ಸಾರ್."

ನಾಲ್ಕು ಅಂಕಿ ಒತ್ತಿದಳು. ಮೂರು ಪೆಟ್ಟಿಗೆ, ಮೂರು ದಪ್ಪ. ಕೆಳಗೆ ಮಾದರಿ ಯಂತ್ರ ಕತ್ತರಿಸಿ ಕೊಟ್ಟದ್ದನ್ನು ಯಜಮಾನರೇ ಮೇಲೆ ತಂದು ಮಡಚಿದರು. ಸಾಬೂನಿನದು ಮುಚ್ಚಿತು. ಔಷಧಿಯದು ಮುಚ್ಚಿತು. ಬಲ್ಬಿನ ಪೆಟ್ಟಿಗೆಯ ನಾಲಿಗೆ ಬಾಗಿಲ ಬಳಿ ಹೊಸ ನೆಂಟರಂತೆ ಒಂದು ಕ್ಷಣ ತಡೆದು, ಆಮೇಲೆ ಸರಕ್ಕನೆ ಒಳಗೆ ಹೋಗಿ ಕೂತಿತು. ಅವರು ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಆಟಿಕೆ ಸಿಕ್ಕ ಮಗುವಿನ ಹಾಗೆ ಹತ್ತು ಸಲ ಮಾಡಿದರು.

"ಈ ವಾರ ನಲವತ್ತಮೂರು ಬಂದಿದೆ ಅಕ್ಕ," ಎಂದು ಆರ್ಡರಿನ ಹಾಳೆಗಳನ್ನು ಅವಳ ಮುಂದಿಟ್ಟು, ಕುರ್ಚಿಯನ್ನು ಅವಳ ಕಡೆ ಸರಿಸಿ ಕೆಳಗಿಳಿದು ಹೋದರು.

ಅವಳ ಮಣಿಕಟ್ಟು ಪೂರ್ತಿ ವಾಸಿಯಾಗಲೇ ಇಲ್ಲ. ಬಟ್ಟೆ ಇಂದಿಗೂ ಗಂಡನೇ ಹಿಂಡುತ್ತಾನೆ. ಆದರೆ ಆ ವಾರ ಅವಳು ನಲವತ್ತನಾಲ್ಕು ಪೆಟ್ಟಿಗೆ ಮಾಡಿದಳು. ಹೆಚ್ಚಿನದೊಂದು ಅಂಗೈಯಗಲದ್ದು, ಗಟ್ಟಿ ರಟ್ಟಿನದು, ಗುಂಡಿಗಳಿಗೆಂದು. ಅತ್ತೆ ಅದನ್ನು ಕಿವಿಯ ಹತ್ತಿರ ಹಿಡಿದು ಮುಚ್ಚಿ ನೋಡಿದಳು.

"ಹೂಂ," ಎಂದಳು. "ಸದ್ದು ಸರಿಯಾಗಿದೆ."