ರಾಜೇಸಾಬರ ಫೋನಿಗೆ ಬಾರದ ಅಪ್‌ಡೇಟ್

ಸೋದರಮಾವ ಇಲ್ಲದೆಯೇ ತಂಗಿಯ ಮಗಳ ಮದುವೆ ನಿಶ್ಚಯವಾಗಿ ಹೋಯಿತು. ಜಗಳವಿರಲಿಲ್ಲ, ಆಸ್ತಿಯ ತಂಟೆಯೂ ಇರಲಿಲ್ಲ. ಕಾರಣ ಒಂದು ಫೋನ್ ಎಂದರೆ ನಂಬುತ್ತೀರಾ?

ರೋಣದ ನಮ್ಮ ಓಣಿಯ ಟೇಲರ್ ರಾಜೇಸಾಬರಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತು ಬಾರದು. ನರಗುಂದದಲ್ಲಿರುವ ತಂಗಿ ಫಾತಿಮಾಗೂ ಹಾಗೇ. ದಿನಾ ಮಧ್ಯಾಹ್ನ ಇಬ್ಬರೂ ವಿಡಿಯೋ ಕಾಲ್‌ನಲ್ಲಿ ಕೈಸನ್ನೆ ಮಾಡುತ್ತ ಹರಟುತ್ತಿದ್ದರು. (ನಮಗೆ ವಿಡಿಯೋ ಕಾಲ್ ಶೋಕಿ. ಅವರಿಗೆ ಅದೊಂದೇ ಮಾತು.)

ಒಂದು ದಿನ ಕಾಲ್ ನಿಂತಿತು. ಸ್ಕ್ರೀನ್ ಮೇಲೆ ಎರಡು ಸಾಲು ಇಂಗ್ಲಿಷ್, ಓದಲು ಬಾರದು. ತಂಗಿ ಮುನಿಸಿಕೊಂಡಳೆಂದು ರಾಜೇಸಾಬರು ತಿಳಿದರು, ಹೆಂಡತಿಗೂ ಫೋನ್ ಮಾಡಿ ವಿಚಾರಿಸಗೊಡಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಅವರ ಹೆಂಡತಿ ಶಮಶಾದ ಫೋನ್ ಹಿಡಿದು ನಮ್ಮ ಮನೆಗೆ ಬಂದರು. “ಅಕ್ಕಾರ, ಇದರಾಗ ಏನ್ ಬರದೈತಿ ನೋಡ್ರಿ. ಇವ್ರು ಊಟಾನೂ ಸರಿ ಮಾಡವಲ್ರು.”

ಈ ಹಳೆಯ ಆಂಡ್ರಾಯ್ಡ್‌ನಲ್ಲಿ ವಿಡಿಯೋ ಕಾಲ್‌ನ ಆ್ಯಪ್ ಇನ್ನು ನಡೆಯದು, ಅಪ್‌ಡೇಟ್ ಮಾಡಿ ಎಂದಿತ್ತು. ಸೆಟ್ಟಿಂಗ್ಸ್‌ಗೆ ಹೋಗಿ ಒತ್ತಿದೆ. ‘ನಿಮ್ಮ ಫೋನ್ ಅಪ್‌ಟುಡೇಟ್ ಆಗಿದೆ’ ಎಂಬ ಉತ್ತರ ಬಂತು! ಯಾರನ್ನು ನಂಬುವುದು?

ಮೊಬೈಲ್ ಅಂಗಡಿಯವನು ಬಿಡಿಸಿ ಹೇಳಿದ. “ಹೊಸ ಆಂಡ್ರಾಯ್ಡ್ ಬಂದ್ರ ಎಲ್ಲಾ ಫೋನಿಗೂ ತಾನಾಗಿ ಬರೂದಿಲ್ರಿ. ಫೋನ್ ಮಾಡಿದ ಕಂಪನಿ ಅದನ್ನ ಒಂದೊಂದು ಮಾಡೆಲ್ಲಿಗೂ ಹೊಂದಿಸಿ ಕಳಸಬೇಕು. ತುಟ್ಟಿ ಫೋನಿಗೆ ಭಾಳ ವರ್ಷ ಕಳಸ್ತಾರ. ಅಗ್ಗದ್ದನ್ನ ಲಗೂನ ಕೈಬಿಡ್ತಾರ.”

ನನ್ನ ಫೋನಿಗೆ ಆಗಾಗ ಅಪ್‌ಡೇಟ್ ಬರುತ್ತಲೇ ಇರುತ್ತದೆ. ನಾನು ‘ಆಮೇಲೆ’ ಎಂದು ಒತ್ತಿ ಸುಮ್ಮನಾಗುತ್ತೇನೆ. ನಾಚಿಕೆಯಾಯಿತು.

ಮರುದಿನ ರಾಜೇಸಾಬರು, ಶಮಶಾದ, ನಾನು ಮೂವರೂ ನರಗುಂದದ ಬಸ್ ಹತ್ತಿದೆವು. ಅಣ್ಣನನ್ನು ಕಂಡದ್ದೇ ಫಾತಿಮಾ ಮುಖ ತಿರುಗಿಸಿ ಒಳಗೆ ನಡೆದಳು. ಅವಳ ಗಂಡ ತಲೆ ತಗ್ಗಿಸಿ ಹೇಳಿದರು: “ದಿನಾ ಕಾಲ್ ಹಚ್ಚಿದ್ಲ್ರಿ. ಅಣ್ಣಗ ನಾವು ಬ್ಯಾಡಾದ್ವಿ ಅಂತ ಅತ್ಲು. ಮೊನ್ನೆ ಶುಕ್ರವಾರ ಮಗಳ ನಿಶ್ಚಯ ಮುಗಿಸಿಬಿಟ್ವಿ. ನಾನಾರ ಶಮಶಾದಗ ಒಂದ್ ಫೋನ್ ಮಾಡಬೇಕಿತ್ತು. ಸಿಟ್ಟು, ಮಾಡಲಿಲ್ಲ.”

ಶಮಶಾದ ಅದನ್ನು ಸನ್ನೆಯಲ್ಲಿ ತಿಳಿಸಿದರು.

ರಾಜೇಸಾಬರು ನೇರ ಒಳಗೆ ಹೋದರು. ಫೋನನ್ನು ತಂಗಿಯ ಅಂಗೈಯಲ್ಲಿಟ್ಟು ನಿಧಾನವಾಗಿ ಸನ್ನೆ ಮಾಡತೊಡಗಿದರು. ಅವಳು ಸ್ಕ್ರೀನನ್ನೂ ಅಣ್ಣನ ಕೈಗಳನ್ನೂ ನೋಡಿದಳು. ಆಮೇಲೆ ಅವಳ ಕೈಗಳೂ ಮಾತಾಡಿದವು. ನನಗೆ ಒಂದೂ ತಿಳಿಯಲಿಲ್ಲ, ಇಬ್ಬರೂ ಅಳುತ್ತಿದ್ದರು ಎನ್ನುವುದನ್ನು ಬಿಟ್ಟರೆ. ಮದುಮಗಳು ಬಂದು ಮಾವನ ಮುಂದೆ ನಿಂತಳು. ಅವರು ಕಣ್ಣೊರೆಸಿಕೊಂಡು, ಜೇಬಿನಿಂದ ಟೇಪ್ ತೆಗೆದು, ಮದುವೆಯ ಜಂಪರಿಗೆ ಅಳತೆ ತೆಗೆದುಕೊಂಡರು.

ರೋಣಕ್ಕೆ ಬಂದು ಬೇರೆ ಫೋನ್ ಕೊಂಡಾಯಿತು. “ಇದಕ್ಕ ಎಷ್ಟು ವರ್ಷ ಅಪ್‌ಡೇಟ್ ಬರ್ತಾವ್ರಿ?” ಶಮಶಾದ ಕೇಳಿದರು. ಅಂಗಡಿಯವನು ಡಬ್ಬಿಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದ.

“ಇದರ ಮ್ಯಾಲ ಏನೂ ಬರದಿಲ್ರಿ.”

ಬಿಸ್ಕಿಟ್ ಪಾಕೀಟಿನ ಮೇಲೂ ಎಂದಿನವರೆಗೆ ಬಾಳುತ್ತದೆಂದು ಬರೆದಿರುತ್ತದೆ. ಒಬ್ಬರ ಮಾತೆಲ್ಲ ತುಂಬಿಕೊಂಡ ಡಬ್ಬಿಯ ಮೇಲೆ ಯಾಕಿಲ್ಲ?