ಸಾವಿರದ ಇಪ್ಪತ್ತೊಂದು ಶೇಂಗಾ ಉಂಡಿ

ಆಗ ನನಗೆ ಹದಿನೆಂಟು. ಐವತ್ತೆರಡು ವರ್ಷ ಆಯಿತು. ಕುರುಗೋಡಿನಲ್ಲಿ ಮದುವೆ ಮುಗಿಸಿ, ನನ್ನನ್ನೂ ಶೇಂಗಾ ಉಂಡಿಯ ಬುಟ್ಟಿಗಳನ್ನೂ ಒಂದೇ ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಕರೆದೊಯ್ದರು. ಉಂಡಿಗೆ ಸೀಟು ಸಿಕ್ಕಿತು. ನಾನು ನಿಂತುಕೊಂಡು ಹೋದೆ.

ನನ್ನ ಅತ್ತೆಯ ಮನೆತನದಲ್ಲಿ ಒಂದು ಪದ್ಧತಿ. ಸೊಸೆ ತಂದ ಉಂಡಿಯನ್ನು ಬಳಗದ ಮನೆಗಳಿಗೆ ಸಮನಾಗಿ ಹಂಚಬೇಕು. ಒಂದು ಉಳಿದರೂ ಸೊಸೆ ಬುಟ್ಟಿ ಸಮೇತ ತವರಿಗೆ ವಾಪಸ್. ಹಿಂದೆ ಒಬ್ಬಳನ್ನು ಕಳಿಸಿಯೂ ಇದ್ದರು. ಬಳಗ ಹದಿನೇಳು ಮನೆ. ಅಪ್ಪ ಮನೆಗೆ ಅರವತ್ತರಂತೆ ಸಾವಿರದ ಇಪ್ಪತ್ತು ಕಟ್ಟಿಸಿದ್ದ. ಹೊರಡುವಾಗ ಅಪ್ಪನ ಅಕ್ಕ, ಲೆಕ್ಕ ಸೊನ್ನೆಗೆ ನಿಂತರೆ ಶುಭವಲ್ಲ ಎಂದು ಮೇಲೊಂದು ಇಟ್ಟಳು.

ಪಡಸಾಲೆಯಲ್ಲಿ ಹದಿನೇಳು ಪಾಲು ಹಾಕಿದರು. ಒಂದು ಉಳಿಯಿತು.

"ಕುರುಗೋಡಿಗೆ ಬಸ್ಸು ಎಷ್ಟೊತ್ತಿಗೈತಿ ನೋಡ್ರಿ," ಅಂದಳು ಅತ್ತೆ.

ನನ್ನ ಮೈದುನ, "ಅದೊಂದು ನಾ ತಿಂತೀನಿ ಬಿಡಬೇ," ಅಂದ.

"ಹಂಚಾಕ ಮೊದಲ ಬಾಯಾಗ ಇಟ್ರ ಎಲ್ಲಾ ಎಂಜಲಾಗ್ತೈತಿ, ಹೊಟ್ಟಿಬಾಕ."

ಅತ್ತೆಯ ತಮ್ಮ ಬಳ್ಳಾರಿಯಲ್ಲಿ ಲೆಕ್ಕದ ಮೇಷ್ಟ್ರು. ಬೇರೆಬೇರೆ ಅಡುಗೆ ಮಾಡುವ ಇಬ್ಬರು ಅಣ್ಣತಮ್ಮಂದಿರನ್ನು ಒಂದೇ ಮನೆ ಎಂದು ಹಿಡಿದು ಹದಿನಾರು ಪಾಲು ಮಾಡಿಸಿದ. ಹದಿಮೂರು ಉಳಿಯಿತು. ಅವರನ್ನು ಮತ್ತೆ ಬೇರೆ ಹಿಡಿದು, ನನ್ನ ಗಂಡನ ಹೊಸ ಸಂಸಾರವನ್ನೂ ಸೇರಿಸಿ ಹದಿನೆಂಟು ಮಾಡಿಸಿದ. ಮತ್ತೆ ಹದಿಮೂರೇ. ಆಮೇಲೆ ಇದ್ದಿಲು ತಗೊಂಡು ಬಂಡೆಯ ಮೇಲೆ ಲೆಕ್ಕ ಹಾಕುತ್ತ ಕೂತ. ನಾನು ಟ್ರಂಕಿನ ಮೇಲೆ ಕೂತೆ. ಟ್ರಂಕು ಇನ್ನೂ ಬಿಚ್ಚಿರಲಿಲ್ಲ.

"ಇದು ಅವಿಭಾಜ್ಯ ಸಂಖ್ಯೆ, ಅಕ್ಕಾ. ಎಷ್ಟು ಮನಿ ಕೂಡಿಸು, ಎಷ್ಟು ಬಿಡು, ಸಮ ಆಗಂಗಿಲ್ಲ. ಮೂವತ್ತೊಂದರ ತನಕ ನೋಡೀನಿ."

"ಮುಂದ ನೋಡಲೇ. ಮೈಗಳ್ಳ."

"ಮುಂದ ನೋಡೋದು ಬ್ಯಾಡ. ದೊಡ್ಡ ಪಾಲು ಇದ್ರ ಅದಕ್ಕ ಜೋಡಿ ಸಣ್ಣದೊಂದು ಇರಬೇಕು. ಮೂವತ್ತೆರಡನ್ನ ಮೂವತ್ತೆರಡು ಸಲ ಇಟ್ರ ನಿನ್ನ ಉಂಡಿನ ಸಾಲಂಗಿಲ್ಲ. ಅದರ ಕೆಳಗ ಒಂದೂ ಸಿಗಲಿಲ್ಲ."

"ಯಾವುದಕ್ಕೂ ಸಮ ಆಗಂಗಿಲ್ಲೇನು?"

"ಸಾವಿರದ ಇಪ್ಪತ್ತೊಂದು ಮನಿಗೆ ಆಗ್ತೈತಿ. ಮನಿಗೊಂದು."

"ಅಷ್ಟು ಬಳಗ ಎಲ್ಲಿಂದ ತರ್ಲಿ, ನಿನ್ನ ಬಳ್ಳಾರಿಯಿಂದ?"

"ಇಲ್ಲಾ, ಒಂದ ಮನಿಗೆ ಆಗ್ತೈತಿ."

ಅತ್ತೆ ನನ್ನ ಟ್ರಂಕನ್ನು ನೋಡಿದಳು. ಕಳಿಸುವ ಮನಸ್ಸು ಅವಳಿಗೂ ಇರಲಿಲ್ಲ ಅಂತ ಕಾಣುತ್ತದೆ. ಅಡುಗೆಗೆ ಆಳು ಬೇಕಿತ್ತು.

"ಹಂಗಾರ ಎಲ್ಲಾರನೂ ಇಲ್ಲಿಗೇ ಕರೀರಿ. ಇವತ್ತು ಬಳಗ ಎಲ್ಲಾ ಒಂದ ಮನಿ," ಅಂದಳು.

ಹದಿನೇಳು ಮನೆಯವರೂ ಬಂದರು. ಗೋಡೆಯ ಜಗಳಕ್ಕೆ ಮಾತು ಬಿಟ್ಟಿದ್ದ ಎರಡು ಮನೆಯವರು ಬೆನ್ನು ಕೊಟ್ಟು ಕೂತು ತಿಂದರು. ಮೇಷ್ಟ್ರು ಒಬ್ಬನೇ ಹನ್ನೆರಡು ತಿಂದ. ಬುಟ್ಟಿಗಳು ಬರಿದಾದವು. ಅತ್ತೆ ಅವನ್ನು ಬೋರಲು ಹಾಕಿ ಎಲ್ಲರಿಗೂ ತೋರಿಸಿದಳು. ನಾನು ಟ್ರಂಕು ಬಿಚ್ಚಿದೆ.

ಮರುದಿನ ಬೆಳಿಗ್ಗೆ ಪಡಸಾಲೆ ಗುಡಿಸುವಾಗ ಮಂಚದ ಕೆಳಗಿಂದ ಒಂದು ಉಂಡಿ ಉರುಳಿ ಬಂತು. ಸೆರಗಿನಲ್ಲಿ ಒರೆಸಿ ತಿಂದೆ.